ಮೈಕಿನಲ್ಲಿ ಅತ್ತೆಯ ಹೆಸರು

ಕುಂದಾಪುರದ ದೀಪೋತ್ಸವವನ್ನು ನಾನು ಮೊದಲು ನೋಡಿದ್ದು ಮದುವೆಯಾಗಿ ಆರು ತಿಂಗಳಾಗಿದ್ದಾಗ, ಎರಡು ಸಾವಿರದ ಎರಡೋ ಮೂರೋ ಇಸವಿ. ನನ್ನ ತವರು ಶಂಕರನಾರಾಯಣದ ಕಡೆ. ಅಪ್ಪ ಅಲ್ಲಿ ಒಣಮೀನಿನ ಅಂಗಡಿ ಇಟ್ಟಿದ್ದರು. ಹಸಿಮೀನು ಮತ್ತು ಕಡಲು ಎರಡೂ ನನಗೆ ಹೊಸತು. ಭಾನುವಾರ ಬಂತೆಂದರೆ ಗಂಡನ ಬೆನ್ನು ಹತ್ತಿ ಕೋಡಿಯ ಕಡಲತೀರಕ್ಕೋ ಮರವಂತೆಗೋ ಹೊರಡಿಸುತ್ತಿದ್ದೆ. ಒಮ್ಮೆ ಬೈಂದೂರಿನ ಒತ್ತಿನೆಣೆ ಗುಡ್ಡದವರೆಗೂ ಹೋಗಿ ಸೂರ್ಯ ಮುಳುಗುವುದನ್ನು ನೋಡಿಕೊಂಡು ಬಂದೆವು. ಅತ್ತೆಯನ್ನು ಕರೆದರೆ ಮಾತ್ರ ಬರುತ್ತಿರಲಿಲ್ಲ.

"ಕಡ್ಲ್ ಕಾಂಬುಕೆ ಹೋಪುದಾ? ಕಡ್ಲಿಗೆ ಎಂತ ಆಯ್ತ್?" ಎನ್ನುವರು, ನಾವು ಆಸ್ಪತ್ರೆಗೆ ಯಾರನ್ನೋ ನೋಡಲು ಹೊರಟವರೇನೋ ಎಂಬಂತೆ.

ಅತ್ತೆ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಹೋಗಿ ಮಾರುವವರು. ಬೆಳಿಗ್ಗೆ ದೋಣಿಗಳು ಬಂದು ನಿಲ್ಲುವ ದಕ್ಕೆಗೆ ಹೋದರೆ ಮನೆ ಸೇರುವಾಗ ಮಧ್ಯಾಹ್ನ. ಅವರಿಗೆ ಸಮುದ್ರವೆಂದರೆ ದೋಣಿ ಬಂತೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡಿ ನೋಡುವ ಜಾಗ. ಅಲ್ಲಿ ಕಡಲೆಕಾಯಿ ತಿನ್ನುತ್ತಾ ಕೂರುವವರ ಬಗ್ಗೆ ಅವರಿಗೆ ಕೊಂಚ ಕನಿಕರವೇ ಇತ್ತು. ದೀಪೋತ್ಸವಕ್ಕೆ ಮಾತ್ರ ಮೊದಲೇ ಹೊರಟು ನಿಲ್ಲುತ್ತಿದ್ದರು. ಅಂದು ಪೇಟೆಯಲ್ಲಿ ಮೀನು ಕೊಳ್ಳುವವರು ಯಾರೂ ಇರುವುದಿಲ್ಲವಾದ್ದರಿಂದ ಅದು ಅವರ ರಜೆ.

ಆ ಸಂಜೆ ಗಂಡನಿಗೆ ಐಸ್ ಪ್ಲಾಂಟಿನಲ್ಲಿ ಕೆಲಸವಿತ್ತು. ನಾವಿಬ್ಬರೇ ಹೊರಟೆವು. ಗಾಡಿಗಳನ್ನು ತಡೆದ ರಸ್ತೆಯ ತುಂಬ ಜನ, ಬಳೆ ಅಂಗಡಿ, ಗೋಬಿ ಮಂಚೂರಿ, ಬಲೂನು. ಮೂವತ್ತು ವರ್ಷ ಬುಟ್ಟಿ ಹೊತ್ತು ನಡೆದ ಕಾಲು ಅತ್ತೆಯದು, ಜನಜಂಗುಳಿಯಲ್ಲೂ ದಾರಿ ಮಾಡಿಕೊಂಡು ಸರಸರ ಹೋಗುವರು. ತರಕಾರಿ ಹೆಚ್ಚುವ ಮಣೆ ಮಾರುವವನೊಬ್ಬ ಒಂದೇ ಉಸಿರಿಗೆ ಮೂಲಂಗಿಯನ್ನು ಹೂವು ಮಾಡುತ್ತಿದ್ದ. ನಾನು ಅದನ್ನು ಬಾಯಿಬಿಟ್ಟು ನೋಡುತ್ತಾ ನಿಂತೆ. ತಲೆ ಎತ್ತಿದರೆ ಅತ್ತೆ ಇಲ್ಲ.

ಬಳೆಯಂಗಡಿಗಳ ಸಾಲು ಎರಡು ಸಲ ಸುತ್ತಿದೆ. ಮಕ್ಕಳನ್ನು ಕೂರಿಸಿ ತಿರುಗಿಸುವ ಜಾತ್ರೆಯ ತೊಟ್ಟಿಲಿನ ಬುಡದಲ್ಲಿ ನೋಡಿದೆ. ಮೊಬೈಲು ಆಗ ನಮ್ಮ ಮನೆಗಿನ್ನೂ ಬಂದಿರಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಆರು ತಿಂಗಳ ಸೊಸೆ ಅತ್ತೆಯನ್ನು ಹಬ್ಬಕ್ಕೆ ಕರೆದುಕೊಂಡು ಹೋಗಿ ಒಬ್ಬಳೇ ಮನೆಗೆ ಬಂದಳು ಎಂದರೆ, ಕೇರಿಯವರು ಅದನ್ನು ಜನ್ಮಪೂರ್ತಿ ಹೇಳಿಕೊಂಡು ತಿರುಗುತ್ತಾರೆ. ಸೀದಾ ಮೈಕಿನ ಚಪ್ಪರಕ್ಕೆ ಹೋದೆ.

ಮೈಕಿನವರು ಕೇಳಿದರು, "ಹೆಸ್ರ್ ಎಂತ?"

ಗಂಡ ಅತ್ತೆಯನ್ನು ಅಮ್ಮ ಎನ್ನುವರು, ಕೇರಿಯವರು ಅಕ್ಕ ಎನ್ನುವರು, ಮೀನು ಕೊಳ್ಳುವ ಮನೆಗಳವರು ಗೇಟಿನ ಒಳಗಿಂದಲೇ "ಹ್ವಾಯ್ ಮೀನ್!" ಎಂದು ಕೂಗುವರು. ಹೆಸರು ಹಿಡಿದು ಕರೆದವರನ್ನು ನಾನು ಕಂಡಿರಲೇ ಇಲ್ಲ. ಆಮೇಲೆ ನಮ್ಮ ಮದುವೆಯ ಕಾಗದ ನೆನಪಾಯಿತು. ಮದುವೆಗೆ ಮೊದಲು ಅದನ್ನು ಎಷ್ಟು ಸಲ ಓದಿದ್ದೆನೆಂದರೆ ಪ್ರೆಸ್ಸಿನ ಹೆಸರು ಕೂಡ ಬಾಯಿಪಾಠ. ಅದರಲ್ಲಿ ಹುಡುಗನ ತಾಯಿ ಎಂದು ಅಚ್ಚಾಗಿದ್ದ ಹೆಸರು ನಾಲ್ಕಕ್ಷರದ್ದು, ಚಂದದ್ದು. ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಅಲ್ಲಿದ್ದ ಚೀಟಿಯ ಮೇಲೆ ಬರೆದುಕೊಟ್ಟೆ.

"ಇವರು ಎಲ್ಲೇ ಇದ್ದರೂ ಧ್ವನಿವರ್ಧಕದ ಬಳಿ ಬರಬೇಕಾಗಿ ವಿನಂತಿ. ತಮ್ಮ ಸೊಸೆ ಕಾಯುತ್ತಿದ್ದಾರೆ." ಹೆಸರು ಸೇರಿಸಿ ಮೂರು ಸಲ ಹೇಳಿದರು. ಕಾಲು ಗಂಟೆ ಬಿಟ್ಟು ಮತ್ತೆ ಮೂರು ಸಲ. ಯಾರೂ ಬರಲಿಲ್ಲ. ಇನ್ನೊಂದು ಸುತ್ತು ಹುಡುಕೋಣವೆಂದು ಹೊರಟವಳಿಗೆ, ಮೂವತ್ತು ಮಾರು ದೂರದ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ, ಲೌಡ್‌ಸ್ಪೀಕರ್ ಕಟ್ಟಿದ ಕಂಬದ ಬುಡದಲ್ಲೇ ಅತ್ತೆ ಕಂಡರು. ಆರಾಮಾಗಿ ಚರುಮುರಿ ತಿನ್ನುತ್ತಿದ್ದರು.

"ಎಲ್ಲ್ ಹೋಯಿದ್ಯೆ ಹೆಣೆ?" ಎಂದು ನನ್ನನ್ನೇ ಕೇಳಿದರು. ಆಮೇಲೆ ದನಿ ತಗ್ಗಿಸಿ, "ಯಾರೋ ಪಾಪದ ಹೆಂಗ್ಸ್ ಕಳ್ದ್ ಹೋಯಿತ್ ಅಂಬ್ರ್. ಆಗಳಿಂದ ಕರೀತಾ ಇದ್ರ್. ಕರ್ಕಂಡ್ ಬಂದೋರ್ ಸಮಾ ನೋಡ್ಕಣ್ಕ್ ಅಲ್ದಾ?"

"ಅತ್ತೆ, ಅದ್ ನಿಮ್ಮ್ ಹೆಸ್ರೇ," ಎಂದೆ.

ಚರುಮುರಿಯ ಕೈ ನಿಂತಿತು. "ನಂದಾ?" ಎಂದರು. ಪೊಟ್ಟಣ ಮಡಚಿ ಮಡಿಲಲ್ಲಿಟ್ಟುಕೊಂಡು, "ಹೌದ್ ಕಾಣ್. ನಂದೇ."

ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. ಅಂಗಳ ಹತ್ತುವಾಗ, "ನಮ್ಮ್ ಅಜ್ಜಿ ಇಟ್ಟದ್ದ್ ಆ ಹೆಸ್ರ್. ಇನ್ನೊಂದ್ ಸಲ ಹೇಳ್ ಕಾಂಬೊ," ಎಂದರು. ನಾಚಿಕೆಯಿಂದ ನಕ್ಕು ಒಳಗೆ ಹೋದೆ. ಅವತ್ತು ಹೇಳಬೇಕಿತ್ತು ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ.

ಏಳೆಂಟು ವರ್ಷ ಕಳೆಯಿತು. ಅತ್ತೆಯ ಮೊಣಕಾಲು ಸೋತು ಬುಟ್ಟಿ ಮೂಲೆ ಸೇರಿತು. ಮೀನು ಕೇಳುವವರ ಕೂಗೂ ನಿಂತಿತು. ಈಗ ಕೋಡಿಗೆ ಕರೆದರೆ ಬರುತ್ತಿದ್ದರು, ಬಂದು ಕಡಲಿಗೆ ಬೆನ್ನು ಹಾಕಿ ಕೂತು ಬಂದುಹೋಗುವವರನ್ನು ನೋಡುತ್ತಿದ್ದರು. ದೀಪೋತ್ಸವವನ್ನಂತೂ ತಪ್ಪಿಸಲಿಲ್ಲ. ಅಷ್ಟರಲ್ಲಿ ನನ್ನ ಚೀಲದಲ್ಲೂ ಅವರ ಕೈಯಲ್ಲೂ ಒಂದೊಂದು ಮೊಬೈಲು ಬಂದಿತ್ತು.

ಆ ವರ್ಷವೂ ಬಳೆಯಂಗಡಿಯ ಹತ್ತಿರ ತಿರುಗಿ ನೋಡಿದರೆ ಅತ್ತೆ ಇಲ್ಲ. ಆ ಮೊಣಕಾಲಿನಲ್ಲಿ ಅಷ್ಟು ಬೇಗ ಎಲ್ಲಿಗೆ ಹೋದಾರು? ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಮೈಕಿನ ಚಪ್ಪರಕ್ಕೆ ಹೋಗಿ ಚೀಟಿ ಬರೆದುಕೊಟ್ಟೆ.

ಮೈಕಿನವರು ಹೆಸರು ಓದುವಾಗ ಮೂರನೇ ಸಲ ಫೋನ್ ಹಚ್ಚಿ, ಅವತ್ತು ಅತ್ತೆ ಸಿಕ್ಕಿದ್ದ ಆ ಕಂಬದ ಕಡೆ ನೋಡಿದೆ. ಅತ್ತೆ ಅಲ್ಲೇ ನಿಂತಿದ್ದರು. ಕೈಯಲ್ಲಿ ಫೋನಿನ ಬೆಳಕು ಹತ್ತಿ ಆರುತ್ತಿತ್ತು. ಅವರು ಅದನ್ನು ನೋಡಲೇ ಇಲ್ಲ. ಮುಖ ಮೇಲೆತ್ತಿ, ಲೌಡ್‌ಸ್ಪೀಕರ್‌ನತ್ತ ಕಿವಿ ಕೊಟ್ಟು ನಿಂತಿದ್ದರು.

ನಾನು ಫೋನ್ ಕಟ್ ಮಾಡಿದೆ.

"ಸಿಕ್ರಾ?" ಎಂದು ಮೈಕಿನವರು ಕೇಳಿದರು.

"ಇಲ್ಲ," ಎಂದೆ. "ಇನ್ನೊಂದ್ ಸಲ ಹೇಳಿ."