ಸುಭಾಷಿಣಿಯವರು ಬಾಯಿಬಿಟ್ಟು ಬರೆದ ಪರೀಕ್ಷೆ

ಬೆಳ್ಮಣ್ಣಿನ ಪ್ರೌಢಶಾಲೆಯಲ್ಲಿ ನನ್ನ ಜತೆ ಕನ್ನಡ ಕಲಿಸುತ್ತಿದ್ದ ಸುಭಾಷಿಣಿಯವರು ಸಂಸ್ಕೃತ ಎಂ.ಎ.ಗೆ ಕಟ್ಟಿದ್ದು 1977ರಲ್ಲಿ. ಆಗ ಅವರಿಗೆ ಮೂವತ್ತೆಂಟು ವರ್ಷ. ನೌಕರಿ ಬಿಟ್ಟು ಕಾಲೇಜಿಗೆ ಹೋಗುವಂತಿರಲಿಲ್ಲ. ಮನೆಯಲ್ಲೇ ಓದಿ ಖಾಸಗಿಯಾಗಿ ಪರೀಕ್ಷೆಗೆ ಕೂರುವುದೊಂದೇ ದಾರಿ.

ಅವರ ತಂದೆ ಬನ್ನಂಜೆಯ ಮನೆಯ ಜಗಲಿಯಲ್ಲಿ ವಟುಗಳಿಗೆ ಕಾವ್ಯಪಾಠ ಹೇಳುತ್ತಿದ್ದವರು. ಹೆಣ್ಣುಮಗಳಿಗೆ ಪಾಠವಿರಲಿಲ್ಲ. ಒಳಗೆ ತೆಂಗಿನಕಾಯಿ ತುರಿಯುತ್ತ ಕೂತ ಹುಡುಗಿಯ ಕಿವಿಗೆ ಹೊರಗಿನ ಪಾಠವೆಲ್ಲ ಬೀಳುತ್ತಿತ್ತು. ಹತ್ತು ವರ್ಷ ಹೀಗೆ ಕೇಳಿ ಕೇಳಿ ಸರ್ಗಗಳೇ ಬಾಯಿಗೆ ಬಂದವು. ಆದರೆ ನಡುವಿನ ಒಂದು ಶ್ಲೋಕ ಬೇಕೆಂದರೆ ಸರ್ಗದ ಮೊದಲಿನಿಂದ ಹೇಳಿಕೊಂಡು ಬರಬೇಕು. ಅದೂ ಸ್ವಂತ ಕಿವಿಗೆ ಕೇಳಿಸುವಂತೆ. ಸುಮ್ಮನೆ ತುಟಿ ಆಡಿಸಿದರೆ ಸಾಲದು.

ಮೊದಲ ವರ್ಷದ ಪತ್ರಿಕೆಗಳಲ್ಲಿ ವಿವರಣೆಯೇ ಹೆಚ್ಚಾಗಿದ್ದರಿಂದ ಹೇಗೋ ದಾಟಿದರು. ಕೊನೆಯ ವರ್ಷದ ಕಾವ್ಯಪತ್ರಿಕೆಯಲ್ಲಿ ಶ್ಲೋಕಗಳನ್ನು ಉದ್ಧರಿಸಿ ವ್ಯಾಖ್ಯಾನ ಬರೆಯಬೇಕಿತ್ತು. ಅವರು ಗುಣುಗುಣು ಎಂದು ಶುರುಮಾಡಿದರೆ ಮೇಲ್ವಿಚಾರಕರು ಬಂದು, “ಎಂತಮ್ಮ, ಯಾರ ಹತ್ತಿರ ಮಾತಾಡುವುದು?” ಎಂದು ಗದರಿಸುತ್ತಿದ್ದರು. ಬಾಯಿ ಮುಚ್ಚಿದೊಡನೆ ಶ್ಲೋಕವೂ ಹೋಗುತ್ತಿತ್ತು. ಆ ಒಂದು ಪತ್ರಿಕೆಯಲ್ಲಿ 1979ರ ಏಪ್ರಿಲ್, ಅಕ್ಟೋಬರ್ ಎರಡು ಸಲವೂ ಅನುತ್ತೀರ್ಣರಾದರು. ಮೂರನೆಯ ಸಲವೂ ಹೋದರೆ ನಿಯಮದ ಪ್ರಕಾರ ಎರಡು ವರ್ಷಗಳ ಎಲ್ಲ ಪತ್ರಿಕೆಗಳನ್ನೂ ಮತ್ತೆ ಬರೆಯಬೇಕು.

“ಮತ್ತೆ ಮೊದಲಿನಿಂದ ನನ್ನಿಂದ ಆಗುವುದಿಲ್ಲ. ಈ ಸಲ ಹೋದರೆ ಹೋಯಿತು,” ಎಂದರು ಸುಭಾಷಿಣಿ. ಬಾಯಲ್ಲಿ ಲವಂಗ ಕಚ್ಚಿಕೊಂಡು ಮೌನವಾಗಿ ಓದುವ ಅಭ್ಯಾಸವನ್ನೂ ಮಾಡಿ ನೋಡಿದರು. ಮಣಿಪಾಲದಲ್ಲಿ ಗುಮಾಸ್ತರಾಗಿದ್ದ ಅವರ ಯಜಮಾನರು ರಾಮದಾಸರು ನಕ್ಕರು.

“ಬಾಯಿ ಮುಚ್ಚಿ ಕೂರುವುದು ನಿನ್ನಿಂದ ಉಂಟಾ ಮಾರಾಯ್ತಿ? ಮದುವೆಯಾದ ವಾರದಲ್ಲೇ ನನಗೆ ಗೊತ್ತಾಗಿದೆ.”

“ನಿಮಗೆ ತಮಾಷೆ!”

“ತಮಾಷೆ ಅಲ್ಲ. ಬಾಯಿ ಬಿಡದಿದ್ದರೆ ಬರುವುದಿಲ್ಲ ಅಂತ ಆ ಮೇಲ್ವಿಚಾರಕರ ಹತ್ತಿರ ಸೀದಾ ಹೇಳು. ತಿಂದುಬಿಡುತ್ತಾರಾ?”

1980ರ ಏಪ್ರಿಲಿನಲ್ಲಿ ಉಡುಪಿಯ ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಕರಾಗಿದ್ದವರು ಕಾಪುವಿನ ಪ್ಯಾಟ್ರಿಕ್ ಎಂಬ ಗಣಿತದ ಉಪನ್ಯಾಸಕರು. ಸುಭಾಷಿಣಿಯವರು ಪ್ರಶ್ನೆಪತ್ರಿಕೆ ಓದಿ ಮೆಲ್ಲನೆ ಗುಣುಗುಟ್ಟತೊಡಗಿದರು. ಪ್ಯಾಟ್ರಿಕ್ ಬಂದು ನಿಂತರು.

“ಎಂತ ಟೀಚರೇ, ಜಪವಾ?”

“ಅಲ್ಲ ಸರ್. ನಾನು ಕೇಳಿ ಕಲಿತದ್ದು. ನನ್ನ ಕಿವಿಗೆ ಬೀಳದಿದ್ದರೆ ಕೈಗೆ ಬರುವುದಿಲ್ಲ,” ಎಂದು ಹೇಳುವಾಗ ಅವರ ಕಣ್ಣು ತುಂಬಿತ್ತು.

ಪ್ಯಾಟ್ರಿಕ್ ಬಾಗಿಲಲ್ಲಿದ್ದ ಇನ್ನೊಬ್ಬ ಉಪನ್ಯಾಸಕರಿಗೆ ಕೊಠಡಿ ಒಪ್ಪಿಸಿ ಹೊರಟರು. ಹತ್ತು ನಿಮಿಷ ಬಿಟ್ಟು ಬಂದು, “ಪೇಪರು, ಪೆನ್ನು ಎಲ್ಲ ತೆಗೆದುಕೊಳ್ಳಿ. ಏಳಿ,” ಎಂದರು. ತನ್ನನ್ನು ಹೊರಗೆ ಹಾಕಿದರು ಎಂದೇ ಸುಭಾಷಿಣಿಯವರು ತಿಳಿದರು. ಪೇಪರು, ಪೆನ್ನು ಎತ್ತಿಕೊಂಡು ಹಿಂದೆ ನಡೆದರು. ಪ್ಯಾಟ್ರಿಕ್ ವರಾಂಡದ ತುದಿಯಲ್ಲಿ ಖಾಲಿ ಬಿದ್ದಿದ್ದ ಪ್ರಯೋಗಶಾಲೆಯ ಬಾಗಿಲು ತೆರೆದು, ಮೇಜಿನ ಧೂಳನ್ನು ತಮ್ಮ ಕರವಸ್ತ್ರದಿಂದಲೇ ಒರಸಿ, ಅವರನ್ನು ಕೂರಿಸಿ ತಾವು ಎದುರಿನ ಸ್ಟೂಲಿನ ಮೇಲೆ ಕೂತರು.

“ಕೇಂದ್ರದ ಮುಖ್ಯಸ್ಥರ ಒಪ್ಪಿಗೆ ಉಂಟು. ನನ್ನ ಅಮ್ಮನಿಗೂ ಜಪಸರದ ಪ್ರಾರ್ಥನೆ ನಡುವಿನಿಂದ ಹೇಳಿ ಅಂದರೆ ಬರುವುದಿಲ್ಲ. ನೀವು ಗಟ್ಟಿಯಾಗಿಯೇ ಹೇಳಿ. ನನಗೆ ಸಂಸ್ಕೃತ ಒಂದಕ್ಷರ ಗೊತ್ತಿಲ್ಲ. ನಾನು ಹೇಳಿಕೊಟ್ಟೆ ಅಂತ ಯಾರೂ ದೂರುವ ಹಾಗಿಲ್ಲ ಅಲ್ವಾ?”

ಸುಭಾಷಿಣಿಯವರು ಹೇಳತೊಡಗಿದರು. ಮೂವತ್ತೊಂದು ಶ್ಲೋಕ ಹೇಳಿದ ಮೇಲೆ ಬೇಕಾದ ಮೂವತ್ತೆರಡನೆಯದು ಬಂತು, ಬರೆದರು. ಮುಂದಿನ ಪ್ರಶ್ನೆಗೆ ಇನ್ನೊಂದು ಸರ್ಗ. ಹೀಗೆ ಹೇಳುವುದರಲ್ಲೇ ಹೊತ್ತು ಹೋಗಿ ಕೊನೆಯ ಪ್ರಶ್ನೆ ಅರ್ಧಕ್ಕೇ ನಿಂತಿತು. ಜೂನ್ ತಿಂಗಳಲ್ಲಿ ಫಲಿತಾಂಶ ಬಂದಾಗ ತೇರ್ಗಡೆಗೆ ಬೇಕಾದದ್ದಕ್ಕಿಂತ ಆರು ಅಂಕ ಹೆಚ್ಚೇ ಇತ್ತು. ಆ ದಿನ ರಾಮದಾಸರು ನಮ್ಮ ಶಾಲೆಯ ಅಧ್ಯಾಪಕರಿಗೆಲ್ಲ ಗೋಳಿಬಜೆ ತರಿಸಿದರು.

ಗಂಡಹೆಂಡಿರಿಬ್ಬರೂ ಕಾಪುವಿಗೆ ಹೋಗಿ ವಂದನೆ ಹೇಳಿದಾಗ ಪ್ಯಾಟ್ರಿಕ್ ಸಂಕೋಚಪಟ್ಟರಂತೆ. “ನಾನೆಂತ ಮಾಡಿದೆ? ಒಂದು ಬಾಗಿಲು ತೆರೆದೆ, ಅಷ್ಟೇ.”

ಮರುವರ್ಷ ಕಾರ್ಕಳದ ಒಂದು ಕಾಲೇಜಿನಲ್ಲಿ ಸುಭಾಷಿಣಿಯವರಿಗೆ ಸಂಸ್ಕೃತ ಉಪನ್ಯಾಸಕಿಯ ಹುದ್ದೆ ಸಿಕ್ಕಿತು. ನಮ್ಮ ಶಾಲೆಯ ಬೀಳ್ಕೊಡುಗೆಯ ದಿನ ಅವರು ಋಣ ನೆನೆಯುತ್ತ ಮೊದಲು ಪ್ಯಾಟ್ರಿಕರ ಹೆಸರನ್ನು ಹೇಳಿ, ಆಮೇಲೆ ತಂದೆಯವರ ಹೆಸರನ್ನು ಹೇಳಿದರು. ಚಹಾ ಕುಡಿಯುವಾಗ ನಮ್ಮ ಮುಖ್ಯೋಪಾಧ್ಯಾಯರು ತಾರಾನಾಥರು, “ತಂದೆಯವರು ಎರಡನೆಯವರಾದರಲ್ಲ ಟೀಚರೇ?” ಎಂದು ಕೇಳಿಯೇಬಿಟ್ಟರು.

ಸುಭಾಷಿಣಿಯವರು ಚಹಾದ ಲೋಟ ಕೆಳಗಿಟ್ಟರು.

“ಅಪ್ಪನ ವಿದ್ಯೆಯೇ ಸರ್ ಇದೆಲ್ಲ, ಇಲ್ಲ ಅನ್ನುವುದಿಲ್ಲ. ಆದರೆ ಅಪ್ಪ ಹೇಳಿಕೊಟ್ಟದ್ದು ಬೇರೆಯವರಿಗೆ. ಅದು ನನಗೂ ಕೇಳಿಸಿತು. ಪ್ಯಾಟ್ರಿಕ್ ಸರ್ ಒಪ್ಪಿಗೆ ಕೇಳಿ ಬಂದದ್ದು ನನಗೋಸ್ಕರ.”