ದಾರಿಯಿಲ್ಲದ ಕೊಲ್ಲಿಗೆ ಈಜಿದ್ದು

ನನಗೆ ಈಜಿನ ಡಿಪ್ಲೊಮಾ ಬಂದದ್ದು ನಲವತ್ತೊಂದನೆಯ ವಯಸ್ಸಿನಲ್ಲಿ. ಯಾರೂ ಕೇಳದಿದ್ದರೂ ನಾನೇ ಹೇಳಿಬಿಡುತ್ತೇನೆ. ಎಂ.ಟೆಕ್. ಪ್ರಮಾಣಪತ್ರ ಬೀರುವಿನ ತಳದಲ್ಲಿ ಎಲ್ಲೋ ಇದೆ. ಈ ಡಿಪ್ಲೊಮಾಕ್ಕೆ ಮಾತ್ರ ಫ್ರೇಮ್ ಹಾಕಿಸಿ, ಡಚ್ ಊರಾದ ರೈಸ್‌ವೈಕ್‌ನ ನಮ್ಮ ಫ್ಲ್ಯಾಟಿನ ಬಾಗಿಲ ಎದುರಿಗೇ ತೂಗುಹಾಕಿದ್ದೇನೆ. ನನ್ನ ಗಂಡ ಅದರ ಮುಂದೆ ಹಾದುಹೋಗುವಾಗಲೆಲ್ಲ "ಜಂಭದ ಕೋಳಿ" ಎನ್ನುತ್ತಾರೆ. ಎನ್ನಲಿ. ಅವರಿಗೆ ಈಜು ಬರುವುದಿಲ್ಲ.

ಇಲ್ಲಿ ರಸ್ತೆಗೊಂದು ಕಾಲುವೆ. ಹಾಗಾಗಿ ಮಕ್ಕಳೆಲ್ಲ ಈಜು ಕಲಿಯಲೇಬೇಕು, ಅದೂ ಬಟ್ಟೆ ತೊಟ್ಟುಕೊಂಡು. ಕಾಲುವೆಗೆ ಬೀಳುವವರು ಈಜುಡುಪು ಹಾಕಿಕೊಂಡು ಬೀಳುವುದಿಲ್ಲವಲ್ಲ! ಪರೀಕ್ಷೆಯ ದಿನ ಪ್ಯಾಂಟು, ಉದ್ದ ತೋಳಿನ ಅಂಗಿ, ಬೂಟುಗಳ ಸಮೇತ ನೀರಿಗೆ ಹಾರಬೇಕು. ನೀರೊಳಗೆ ಇಳಿಬಿಟ್ಟ ಟಾರ್ಪಾಲಿನ ತೂತಿನಲ್ಲಿ ನುಸುಳಿ ಆಚೆ ಬರಬೇಕು. ತುಮಕೂರಿನಲ್ಲಿ ನನ್ನ ತಾಯಿ "ಕೆರೆ ಕಡೆ ಹೋದ್ರೆ ಕಾಲು ಮುರೀತೀನಿ" ಎಂದು ಹೆದರಿಸಿಯೇ ನನ್ನನ್ನು ಬೆಳೆಸಿದ್ದರು. ಅಂಥವಳು ಆ ತೂತಿನಿಂದ ಆಚೆ ಬಂದೆ. ತಲೆಯಿಂದ ಕಾಲಿನವರೆಗೆ ಮುಚ್ಚುವ ನನ್ನ ಈಜುಡುಪನ್ನು ನೋಡಿ ಆಫೀಸಿನ ಡಚ್ ಗೆಳತಿಯೊಬ್ಬಳು "ಇಷ್ಟೆಲ್ಲ ಹಾಕಿಕೊಂಡು ಹೇಗೆ ಈಜುತ್ತೀಯ?" ಎಂದು ಕೇಳಿದಳು. "ಆರನೇ ವಯಸ್ಸಿನಲ್ಲಿ ನೀನು ಬೂಟು ಹಾಕಿಕೊಂಡು ಈಜಲಿಲ್ಲವಾ?" ಎಂದೆ. ಅವಳು ಬಾಯಿ ಮುಚ್ಚಿದಳು.

ನನ್ನ ಬಾಯಿ ಮುಚ್ಚಿಸುವವಳು ನನ್ನ ಮಗಳು. ಏಳು ವರ್ಷಕ್ಕೇ ಈಜಿನ ಮೂರೂ ಹಂತದ ಡಿಪ್ಲೊಮಾ ಮುಗಿಸಿದವಳು ಅಂದಿನಿಂದಲೇ ನನಗೆ ಕಾವಲು ನಿಂತುಬಿಟ್ಟಳು. ಕಾಲುವೆಯ ದಂಡೆಯಲ್ಲಿ ನಡೆಯುವಾಗ ನನ್ನ ತೋಳು ಹಿಡಿದುಕೊಳ್ಳುತ್ತಿದ್ದಳು. ನಾನು ಪಾಸಾದ ಮೇಲೂ ಬಿಡಲಿಲ್ಲ. ಕೇಳಿದರೆ "ಅಮ್ಮಿ, ದಟ್ ವಾಸ್ ಜಸ್ಟ್ ಎ ಪೂಲ್" ಎನ್ನುತ್ತಿದ್ದಳು. ಮೀನಿನ ಮರಿಗೆ ಈಜು ಕಲಿಸಬೇಕೇ ಎಂಬ ಗಾದೆ ನಮ್ಮ ಮನೆಯಲ್ಲಿ ತಲೆಕೆಳಗಾಗಿತ್ತು. ನನಗೆ ಅದು ಚುಚ್ಚುತ್ತಿತ್ತು. ನೀರಿಗಿಳಿದರೂ ನಾನು ಅವಳ ತಾಯಿಯೇ, ಹೊರೆಯಲ್ಲ ಎಂದು ಅವಳು ಒಪ್ಪಬೇಕು ಎಂಬುದೊಂದೇ ನನ್ನ ಆಸೆಯಾಗಿತ್ತು.

ಅವಳಿಗೆ ಹನ್ನೊಂದು ತುಂಬಿದ ಬೇಸಿಗೆಯಲ್ಲಿ ನಾವು ಮೂವರೂ ಗ್ರೀಸಿನ ಒಂದು ದ್ವೀಪಕ್ಕೆ ಹೋದೆವು. ಬಾಡಿಗೆ ಕಾರಿನಲ್ಲಿ ದಿನಕ್ಕೊಂದು ಬೀಚು. ಫಲಕಗಳಲ್ಲಿದ್ದ ಹೆಸರುಗಳಿಗೆ ನಮ್ಮ ನಾಲಿಗೆ ಹೊರಳದೆ ನಾವೇ ಹೆಸರಿಟ್ಟೆವು. ಮರಳು ಅಷ್ಟು ನುಣುಪಾಗಿದ್ದದ್ದು ಮೈದಾ ಬೀಚ್. ಬಂಡೆಗಳ ನಡುವಿನ ಪುಟ್ಟ ಕೊಲ್ಲಿಯೊಂದು ಮೇಕೆ ಕೊಲ್ಲಿ. ಅಲ್ಲಿ ಒಂದು ಮೇಕೆ ಬಂದು ನಮ್ಮ ಚಪಾತಿ ರೋಲನ್ನು ಕಾಗದದ ಸಮೇತ ತಿಂದುಹಾಕಿತ್ತು. ನೀರು ಎಲ್ಲೆಡೆಯೂ ತಿಳಿ. ಎದೆಮಟ್ಟದ ನೀರಿನಲ್ಲಿ ನಿಂತರೂ ಕಾಲ್ಬೆರಳ ಉಗುರು ಕಾಣುತ್ತಿತ್ತು.

ಐದನೆಯ ದಿನ ನಾವು ಉಳಿದುಕೊಂಡಿದ್ದ ಮನೆಯ ಒಡತಿ ಇನ್ನೊಂದು ಕೊಲ್ಲಿಯ ಸುದ್ದಿ ಹೇಳಿದಳು. ಅದಕ್ಕೆ ಕಾಲುದಾರಿಯಿಲ್ಲ. ಮೇಕೆ ಕೊಲ್ಲಿಯಿಂದ ಸಮುದ್ರಕ್ಕೆ ಚಾಚಿದ ಬಂಡೆಯ ಮೂಗನ್ನು ಸುತ್ತಿ ಬಳಸಿ ಹತ್ತು ಹದಿನೈದು ನಿಮಿಷ ಈಜಬೇಕು. ತನ್ನ ಮೊಮ್ಮಕ್ಕಳು ದಿನವೂ ಹೋಗುತ್ತಾರೆ ಎಂದಳು. ಮಗಳ ಕಣ್ಣು ಅರಳಿತು, ಮರುಕ್ಷಣವೇ ನನ್ನ ಕಡೆ ತಿರುಗಿ ಮಂಕಾಯಿತು.

"ಬೇಡ ಬಿಡು ಅಮ್ಮಿ. ಐ ಕಾಂಟ್ ವಾಚ್ ಯೂ ದ ಹೋಲ್ ವೇ."

"ನನ್ನನ್ನ ಕಾಯೋದಕ್ಕೆ ನಿನ್ನನ್ನ ಯಾರು ಕರೆದ್ರು? ನಾನು ಹೋಗ್ತೀನಿ. ಬೇಕಾದ್ರೆ ನೀನು ಬಾ," ಎಂದೆ. ಕೋಪ ಬಂದಾಗ ನನಗೆ ಧೈರ್ಯ ಎರಡು ಪಟ್ಟು. ಗಂಡ "ಹುಷಾರು ಮಾರಾಯ್ತಿ" ಎಂದಷ್ಟೇ ಹೇಳಿ ದಡದಲ್ಲಿ ಕೂತರು.

ಹೋಗುವಾಗ ಸಮುದ್ರ ತಟ್ಟೆಯ ನೀರಿನಂತಿತ್ತು. ಬಂಡೆಯನ್ನೊತ್ತಿಕೊಂಡೇ ಈಜಿದೆವು. ಆದರೆ ನನ್ನದೊಂದು ಅವಮಾನ ಹೇಳಬೇಕು. ಇಪ್ಪತ್ತೈದು ಮೀಟರ್ ಕೊಳದಲ್ಲಿ ಕಲಿತ ಮೈ, ಅಷ್ಟು ದೂರವಾಗುತ್ತಲೇ ಗೋಡೆ ಹುಡುಕುತ್ತಿತ್ತು. ಇಲ್ಲದ ಗೋಡೆಗೆ ಕೈ ಚಾಚಿ ಚಾಚಿ ಮುಳುಗೆದ್ದೆ. ಮಗಳು ನೀರು ಕುಡಿಯುವಷ್ಟು ನಕ್ಕಳು. ನಾಲ್ಕನೆಯ ಸಲದ ಹೊತ್ತಿಗೆ ಮೈಗೂ ಬುದ್ಧಿ ಬಂತು.

ಬಂಡೆಯ ಮೂಗು ದಾಟಿದ್ದೇ ಕೊಲ್ಲಿ ತೆರೆದುಕೊಂಡಿತು. ಬಿಳಿ ಬೆಣಚುಕಲ್ಲು, ಮೂರು ಕಡೆ ಕಡಿದಾದ ಗುಡ್ಡ, ಒಬ್ಬರೂ ಇಲ್ಲ. ನಾನು ಕಲ್ಲುಗಳ ಮೇಲೆ ಕಾಲು ಚಾಚಿ ಮಹಾರಾಣಿಯಂತೆ ಕೂತೆ. ಕಾರು, ಬಸ್ಸು, ಗಂಡ ಯಾರೂ ನನ್ನನ್ನು ಅಲ್ಲಿಗೆ ತಂದಿರಲಿಲ್ಲ. ನನ್ನ ಎರಡು ಕೈ, ಎರಡು ಕಾಲು ತಂದಿದ್ದವು. ಮಗಳು ಮಾತ್ರ "ವಾಪಸ್ ಹೋಗೋಕೆ ಶಕ್ತಿ ಇದೆಯಾ ಅಮ್ಮಿ?" ಎಂದು ಎರಡು ಬಾರಿ ಕೇಳಿದಳು.

ಹಿಂತಿರುಗುವ ಹೊತ್ತಿಗೆ ಗಾಳಿ ಎದ್ದಿತ್ತು. ದೊಡ್ಡದೇನಲ್ಲ, ಆದರೆ ಅಲೆಗಳು ಬಂಡೆಗೆ ಅಪ್ಪಳಿಸುತ್ತಿದ್ದುದರಿಂದ ನಾವು ಸ್ವಲ್ಪ ಹೊರಗೆ, ಆಳದಲ್ಲಿ ಈಜಬೇಕಾಯಿತು. ಮೂಗಿನ ತುದಿಗೆ ಬಂದಾಗ ಅಲೆಯೊಂದು ಮಗಳ ಬಾಯಿಗೆ ಹೊಡೆಯಿತು. ಕೆಮ್ಮುತ್ತ ಕೆಳಗೆ ನೋಡಿದಳು. ಕೆಳಗೆ ತಳವಿರಲಿಲ್ಲ, ಬರೀ ಕಡುನೀಲಿ. ಅವಳ ಕೈಕಾಲು ಲಯ ತಪ್ಪಿತು. ಒಮ್ಮೆಲೇ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅಮ್ಮಿ, ಕೆಳಗೆ ಏನೂ ಕಾಣಿಸ್ತಿಲ್ಲ."

"ಕೆಳಗೆ ಯಾಕೆ ನೋಡ್ತೀಯ? ಮೇಲೆ ನೋಡು. ಅಂಗಾತ ಮಲ್ಕೊ, ಉಸಿರು ಎಳ್ಕೊ. ನಾನು ಹಿಡ್ಕೊಂಡಿದ್ದೀನಿ."

ಅವಳು ಮಲಗಿದಳು. ಅವಳ ಕತ್ತಿನ ಕೆಳಗೆ ನನ್ನ ಅಂಗೈ. ಕೆಳಗಿನ ಕಡುನೀಲಿ ನನಗೂ ಕಾಣುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಹೆದರಲು ಪುರಸೊತ್ತಿರಲಿಲ್ಲ. ಉಸಿರು ಹದಕ್ಕೆ ಬರುವವರೆಗೆ ಇಬ್ಬರೂ ಅಲೆಯ ಮೇಲೆ ಏರಿಳಿದೆವು. ಆಮೇಲೆ ಅವಳು ತಾನೇ ಮಗುಚಿಕೊಂಡು ಈಜತೊಡಗಿದಳು. ನಾನು ಮುಂದೆ, ಅವಳು ಹಿಂದೆ, ನನ್ನ ಕಾಲಿನ ಬಡಿತ ನೋಡಿಕೊಂಡು.

ಮೇಕೆ ಕೊಲ್ಲಿ ತಲುಪಿದಾಗ ಗಂಡ ಪ್ಯಾಂಟು ಒದ್ದೆಯಾದದ್ದೂ ಅರಿಯದೆ ಮಂಡಿಯುದ್ದ ನೀರಿನಲ್ಲಿ ನಿಂತಿದ್ದರು. ಮಗಳನ್ನು ಟವೆಲಿನಲ್ಲಿ ಸುತ್ತಿ, "ಭಯ ಆಯ್ತಾ ಪುಟ್ಟಾ?" ಎಂದು ಕೇಳಿದರು.

"ಸ್ವಲ್ಪ ಆಯ್ತು ಅಬ್ಬಾ. ಆದ್ರೆ ಅಮ್ಮಿ ಇದ್ಳಲ್ಲ," ಎಂದಳು. ಎಂದವಳೇ ಬ್ಯಾಗಿನಲ್ಲಿ ಬಿಸ್ಕತ್ತು ಹುಡುಕತೊಡಗಿದಳು.

ನಾನು ಮುಖ ಒರೆಸಿಕೊಳ್ಳುವ ನೆಪದಲ್ಲಿ ಅತ್ತೆ. ಹೆಮ್ಮೆಗೆ ಅತ್ತೆ, ಅದರಲ್ಲಿ ನಾಚಿಕೆಯೇನು.