ನಡುವೆ ನಿಲ್ಲುವ ಮಗು

ಪ್ರಾಥಮಿಕ ಶಾಲೆಗಳಲ್ಲಿ ವ್ಯಾಕರಣ ಕಲಿಸುವವರು ಬೇಕಾದಷ್ಟು ಜನ ಇದ್ದಾರೆ. ಮೂರನೇ ತರಗತಿಯ ಮಕ್ಕಳು ಆಟ ಬಿಟ್ಟು ವ್ಯಾಕರಣದ ಪೀರಿಯಡ್‌ಗೆ ಓಡಿಬರುವಂತೆ ಕಲಿಸಿದವರು ನಾನು ಕಂಡಂತೆ ಒಬ್ಬರೇ. ಈ ತಿಂಗಳು ನಿವೃತ್ತರಾಗುತ್ತಿರುವ ಅವರನ್ನು ಮಕ್ಕಳು ಕೊಂಡಿ ಟೀಚರ್ ಎನ್ನುತ್ತಾರೆ. ಅದು ಚೇಳಿನ ಕೊಂಡಿ ಎಂದು ಸ್ಟಾಫ್ ರೂಮಿನಲ್ಲಿ ನಗುವವರಿದ್ದರು. ಅವರ ಕಿವಿಗೆ ಬಿದ್ದಾಗ ಅವರೂ ನಕ್ಕರು.

ಹೆಸರು ಬಂದದ್ದು ಅವರ ಪಾಠದ ಕ್ರಮದಿಂದ. ಮತ್ತು, ಆದರೆ, ಅಥವಾ, ಆದ್ದರಿಂದ ಎಂಬ ಜೋಡಿಸುವ ಪದಗಳನ್ನು ಅವರು ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸಿದವರಲ್ಲ. ಇಬ್ಬರು ಮಕ್ಕಳು ದೂರ ದೂರ ನಿಲ್ಲುತ್ತಾರೆ. ಒಬ್ಬ "ನಾನು ಓಡಿದೆ" ಎನ್ನುತ್ತಾನೆ, ಇನ್ನೊಬ್ಬಳು "ಬಸ್ಸು ಹೊರಟುಹೋಯಿತು" ಎನ್ನುತ್ತಾಳೆ. ಮೂರನೆಯ ಮಗು ನಡುವೆ ಬಂದು ಇಬ್ಬರ ಕೈ ಹಿಡಿದು ಕೂಡಿಸುವ ಪದ ಹೇಳಬೇಕು. ನಡುವಿನ ಜಾಗ ಅಂದು ಬಾಯಿ ತೆರೆಯದ ಮಗುವಿಗೇ ಮೀಸಲು. ಪದ ಬರುವವರೆಗೆ ಎಲ್ಲರೂ ಕಾಯಬೇಕು, ಯಾರೂ ಹೇಳಿಕೊಡುವಂತಿಲ್ಲ. ಇಂಥದ್ದಕ್ಕೆ ಉದ್ದುದ್ದ ಹೆಸರುಗಳಿವೆ, ವಿಶ್ವವಿದ್ಯಾಲಯದಲ್ಲಿ ಓದಿದ್ದೇನೆ. ಇಲ್ಲಿ ಅವು ಬೇಕಿಲ್ಲ.

ಈ ಅಭಿನಂದನ ಸಂಪುಟಕ್ಕೆ ಬರೆಯುವವರಿಗೆಲ್ಲ ಶಾಲೆಯ ಆಡಳಿತ ಮಂಡಳಿ ಒಂದು ಪರಿಚಯ ಕಳಿಸಿದೆ. ಅದರಲ್ಲಿ, ಟೀಚರ್ ತಮ್ಮ ಕೊನೆಯ ವರ್ಷಗಳಲ್ಲಿ ಸ್ವಇಚ್ಛೆಯಿಂದ ಉಗ್ರಾಣದ ಹೊಣೆ ಹೊತ್ತರು ಎಂದಿದೆ. ಇದು ಸುಳ್ಳು. ಅಭಿನಂದನೆಯ ಪುಸ್ತಕದಲ್ಲಿ ಸುಳ್ಳು ಎಂಬ ಮಾತು ಬಳಸಬಾರದಂತೆ. ಹಾಗಾದರೆ ಸುಳ್ಳನ್ನೂ ಬಳಸಬಾರದಿತ್ತು.

ನಡೆದದ್ದು ಇಷ್ಟು. ಶಾಲೆ ನೋಡಲು ಅತಿಥಿಗಳು ಬರುವವರಿದ್ದರು. "ಚುರುಕಾದ ಮಗುವನ್ನೇ ನಡುವೆ ನಿಲ್ಲಿಸಿ, ಅತಿಥಿಗಳಿಗೆ ಟೈಮಿಲ್ಲ" ಎಂದು ಮಂಡಳಿಯ ಕಾರ್ಯದರ್ಶಿಗಳು ಮೊದಲೇ ಹೇಳಿದ್ದರು. "ಚುರುಕಾದವರಿಗೆ ನಾನ್ಯಾಕೆ ಬೇಕು ಸಾರ್?" ಎಂದರು ಟೀಚರ್. ಅಂದು ನಡುವೆ ನಿಂತದ್ದು ದರ್ಜಿಯ ಮಗಳು. ಮಾತು ತೊದಲುವ ಹುಡುಗಿ. ಎರಡೂ ಕೈ ಹಿಡಿದಳು, ತುಟಿ ಅಲ್ಲಾಡಿತು, ಪದ ಹೊರಡಲಿಲ್ಲ. ಮಕ್ಕಳು ಕಾದರು. ಅತಿಥಿಗಳು ಕೆಮ್ಮಿದರು, ಗಡಿಯಾರ ನೋಡಿದರು. ಗೋಡೆಗೆ ಒರಗಿದ್ದ ಕಾರ್ಯದರ್ಶಿಗಳು ಕಡೆಗೆ ತಾವೇ ಆ ಪದವನ್ನು ಗಟ್ಟಿಯಾಗಿ ಹೇಳಿಬಿಟ್ಟರು. ಹುಡುಗಿ ಹಿಡಿದ ಕೈಗಳನ್ನು ಬಿಟ್ಟಳು.

ಟೀಚರ್ ದನಿ ಏರಿಸಲಿಲ್ಲ. "ಅದು ಅವಳ ಮಾತು ಸಾರ್. ವಾಪಸ್ ತಗೊಳ್ಳಿ."

ಮಕ್ಕಳಿಬ್ಬರಿಂದ ವಾಕ್ಯಗಳನ್ನು ಮತ್ತೆ ಮೊದಲಿನಿಂದ ಹೇಳಿಸಿದರು. ಅತಿಥಿಗಳು ಕಾಯಬೇಕಾಯಿತು. ಹುಡುಗಿ ಹೇಳಿದಳು. ಮಕ್ಕಳು ಚಪ್ಪಾಳೆ ತಟ್ಟಿದರು, ದೊಡ್ಡವರು ತಟ್ಟಲಿಲ್ಲ.

ಮುಂದಿನ ಸೋಮವಾರ ಟೀಚರ್ ಕೈಯಿಂದ ತರಗತಿ ಹೋಯಿತು, ಉಗ್ರಾಣದ ಬೀಗದ ಕೈ ಬಂತು. ಸೀಮೆಸುಣ್ಣದ ಪೆಟ್ಟಿಗೆ, ಮಡಚಿದ ಭೂಪಟ, ಕಾಲು ಮುರಿದ ಬೆಂಚುಗಳು, ಒಂದು ಎತ್ತರದ ಕಿಟಕಿ. ಜೊತೆಯ ಶಿಕ್ಷಕರಾದ ನಮ್ಮಲ್ಲಿ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೆ ಮೂರನೇ ತರಗತಿಯ ಮಕ್ಕಳಿಗೆ ಪ್ರತಿ ದಿನ ಸೀಮೆಸುಣ್ಣ ಸಾಲದಾಯಿತು. ತರಲು ಹೋಗುವವರು ಯಾವಾಗಲೂ ಮೂವರು. "ಈ ಕ್ಲಾಸು ಸುಣ್ಣ ಬರೀತದೋ ತಿಂತದೋ ಅಮ್ಮಾವ್ರೇ?" ಎಂದು ಜವಾನ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಕೇಳಿ, ಯಾರೂ ಬರದಂತೆ ಅಲ್ಲೇ ಕಾವಲು ನಿಲ್ಲುತ್ತಿದ್ದ.

ಆ ತರಗತಿ ನನ್ನ ಪಾಲಿಗೆ ಬಂದದ್ದು ನನ್ನ ಗಂಡ ತೀರಿಕೊಂಡ ವರ್ಷ. ಕೆಲಸಕ್ಕೆ ಮರಳಿದ ದಿನ ಹಾಜರಿ ಕೂಗಲು ನಿಂತವಳಿಗೆ ಬಾಯಿ ಬರಲಿಲ್ಲ. ಸೀಮೆಸುಣ್ಣ ಕೊಡಲು ಬಂದ ಟೀಚರ್ ನೋಡಿದರು. ಸಮಾಧಾನದ ಮಾತಾಡಲಿಲ್ಲ, ತಲೆ ಸವರಲಿಲ್ಲ. ಇಬ್ಬರು ಮಕ್ಕಳನ್ನು ಕರೆದು ನಿಲ್ಲಿಸಿ, "ಬಾಮ್ಮ, ಇವತ್ತು ನಡುವೆ ನೀನು" ಎಂದರು. ಆ ಮಕ್ಕಳ ವಾಕ್ಯಗಳು ನೆನಪಿಲ್ಲ, ನಾನು ಹೇಳಿದ ಪದವೂ ನೆನಪಿಲ್ಲ. ಅಷ್ಟು ಹೊತ್ತು ಯಾರೂ ಹೇಳಿಕೊಡಲಿಲ್ಲ ಎಂಬುದು ನೆನಪಿದೆ. ನಾನು ಹಿಡಿದಿದ್ದ ಎರಡು ಪುಟ್ಟ ಅಂಗೈಗಳು ಬೆವರಿದ್ದವು.

ಬೀಳ್ಕೊಡುಗೆಗೆ ಏನು ಬೇಕೆಂದು ಮಂಡಳಿ ಕೇಳಿದಾಗ ಟೀಚರ್ ಕೇಳಿದ್ದು ಒಂದೇ: ಶಾಲೆ ಬಿಡುವ ಮೊದಲು ತಮ್ಮ ಹಳೆಯ ಕೋಣೆಯಲ್ಲಿ ಒಂದು ಪಾಠ. ಶಾಲಿಗೆ ಜಾಗ ಸಿಕ್ಕಿತು, ಹಾರಕ್ಕೆ ಸಿಕ್ಕಿತು, ಈ ಸಂಪುಟಕ್ಕೂ ಸಿಕ್ಕಿತು. ಪಾಠಕ್ಕೆ ಕಾರ್ಯಕ್ರಮದಲ್ಲಿ ಸಮಯವಿಲ್ಲವೆಂದು ಉತ್ತರ ಬಂತು. ಕಿತ್ತುಕೊಂಡದ್ದನ್ನು ಒಂದು ಗಂಟೆಯ ಮಟ್ಟಿಗೂ ಹಿಂದಿರುಗಿಸಲಾರದವರು ಶಾಲು ಹೊದಿಸುವುದು ಯಾವ ಗೌರವ?

ಅವರು ನೂರು ಕಾಲ ಬಾಳಲಿ, ಕಲಿಸುತ್ತಲೇ ಬಾಳಲಿ. ಇದು ಬರಿಯ ಹಾರೈಕೆಯಾಗಿ ಉಳಿಯಬಾರದೆಂದು ಒಂದು ವ್ಯವಸ್ಥೆ ಮಾಡಿದ್ದೇನೆ. ಮಂಡಳಿಯವರು ಇಲ್ಲಿಯೇ ಓದಿ ತಿಳಿಯಲಿ. ಸಮಾರಂಭದ ದಿನ ಬೆಳಿಗ್ಗೆ ಮೂರನೇ ತರಗತಿಯ ಎರಡನೇ ಪೀರಿಯಡ್ ನನ್ನದು. ಅದನ್ನು ಟೀಚರಿಗೆ ಬಿಟ್ಟುಕೊಟ್ಟಿದ್ದೇನೆ. ನಡುವೆ ಯಾರು ನಿಲ್ಲಬೇಕೆಂದು ಅವರೇ ಆರಿಸುತ್ತಾರೆ. ಪದ ಬರುವವರೆಗೆ ಅವರು ವೇದಿಕೆಗೆ ಬರುವುದಿಲ್ಲ.

ಅತಿಥಿಗಳು ಕಾಯಲಿ.